ಹದಿನೇಳು ಕಲಮಿನ ಕಿವಿಮಾತು

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ‘ಮಕ್ಕಳಿಗೆ ಹೇಳಲೇಬೇಕಾದ ಹತ್ತು ಮಾತುಗಳು’ ಫೋನಿನಿಂದ ಫೋನಿಗೆ ಹಾರಾಡುತ್ತವೆ. ಅವನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಸೋಮೇಶ್ವರ ಶತಕವೂ ಅಲ್ಲ, ಕಗ್ಗವೂ ಅಲ್ಲ. ಹೈದರಾಬಾದಿನ ಮೊದಲ ನಿಜಾಮ. 1748ರಲ್ಲಿ ಬುರ್ಹಾನ್‌ಪುರದ ಬಳಿ ಸಾವಿನ ದಾರಿ ನೋಡುತ್ತಿದ್ದ ಆ ಮುದುಕ ತನ್ನ ಎರಡನೆಯ ಮಗ ನಾಸಿರ್ ಜಂಗನಿಗಾಗಿ ಹದಿನೇಳು ಕಲಮುಗಳ ವಸೀಯತ್‌ನಾಮೆ, ಅಂದರೆ ಉಯಿಲು, ಹೇಳಿ ಬರೆಸಿದ. ಮರಾಠರು ಈ ನೆಲದ ಜಮೀನುದಾರರು, ಅವರೊಡನೆ ಹೊಂದಿಕೊಂಡು ಹೋಗು. ಕಾಲು ಕೆದರಿ ಯುದ್ಧಕ್ಕೆ ನಿಲ್ಲಬೇಡ. ಜೀವ ತೆಗೆಯುವ ತೀರ್ಪನ್ನು ಕಾಜಿಗೆ ಬಿಡು. ದಿಲ್ಲಿಯ ಬಾದಶಹನಿಗೆ ನಿಷ್ಠನಾಗಿರು. ತಮ್ಮಂದಿರನ್ನು ಮಕ್ಕಳಂತೆ ನೋಡಿಕೊ. ಹೀಗೆ ಸಾಗುತ್ತದೆ. ಒಂದಾದರೂ ತಪ್ಪು ಮಾತು ಹುಡುಕಿದರೂ ಸಿಗದು, ಅದೇ ನನ್ನ ತಕರಾರು.

ಹೇಳಿದವನ ಬದುಕನ್ನು ಪಕ್ಕಕ್ಕಿಟ್ಟು ಓದಿದರೆ ಈ ಕಲಮುಗಳ ಬಣ್ಣವೇ ಬೇರೆ. ಬಾದಶಹನಿಗೆ ನಿಷ್ಠೆ ಎಂದವನು 1724ರಲ್ಲಿ ಶಕರ್ ಖೇಡದ ಕಾಳಗದಲ್ಲಿ, ಬಾದಶಹನೇ ಒಳಗಿಂದೊಳಗೆ ಎತ್ತಿಕಟ್ಟಿದ್ದ ಮುಬಾರಿಜ್ ಖಾನನನ್ನು ಕೊಂದು, ಬಂಡುಕೋರನನ್ನು ಅಡಗಿಸಿದ್ದೇನೆಂದು ಅವನ ತಲೆಯನ್ನು ದಿಲ್ಲಿಗೇ ಕಳಿಸಿಕೊಟ್ಟ ಆಸಾಮಿ. ಮರಾಠರ ಬಗೆಗಿನ ವಿವೇಕ ಬಂದದ್ದು 1728ರ ಪಾಲಖೇಡದಲ್ಲಿ. ಅಲ್ಲಿ ಪೇಶ್ವೆ ಬಾಜೀರಾಯ ಅವನ ದಂಡನ್ನು ಸುತ್ತುವರಿದು ಕುಡಿಯುವ ನೀರಿಗೂ ಪರದಾಡಿಸಿದ. ಸಾಲದೆಂದು 1737ರಲ್ಲಿ ಭೋಪಾಲದ ಬಳಿ ಪಾಠ ಮತ್ತೊಮ್ಮೆ ಆಯಿತು. ಇನ್ನು, ಮನೆಯವರು ಕತ್ತಿ ಮಸೆಯಬಾರದೆಂಬ ಮಾತನ್ನು ಕೇಳಿಸಿಕೊಳ್ಳುತ್ತಿದ್ದ ಇದೇ ನಾಸಿರ್ ಜಂಗ್ 1741ರಲ್ಲಿ ಔರಂಗಾಬಾದಿನ ಹತ್ತಿರ ಅಪ್ಪನ ಮೇಲೇ ದಂಡೆತ್ತಿ, ಸೋತು, ಸೆರೆಯಿದ್ದು, ಕ್ಷಮೆ ಪಡೆದವನು. ಕಲಮು ಕಲಮಿನ ಹಿಂದೆಯೂ ಒಂದು ಸುಟ್ಟ ಬೆರಳಿದೆ. ಹಿರಿಯರ ಬುದ್ಧಿಮಾತು ಬಹುಮಟ್ಟಿಗೆ ಹೀಗೆಯೇ ಎಂದು ನನ್ನ ನಂಬಿಕೆ: ಅನುಭವವನ್ನು ತಾವು ಇಟ್ಟುಕೊಂಡು, ಅದರ ತೀರ್ಮಾನವನ್ನಷ್ಟೇ ಮಕ್ಕಳ ಕೈಗಿಡುತ್ತಾರೆ. ಉಣ್ಣದೆ ತೇಗು ಎಂದರೆ ಮಗು ಹೇಗೆ ತೇಗೀತು?

ತಪ್ಪು ಕೇಳದ ಮಗನದು, ಹೇಳಿದ ಅಪ್ಪನದಲ್ಲ ಎನ್ನಬಹುದು. ಒಬ್ಬ ಮಗನಾಗಿದ್ದರೆ ಒಪ್ಪುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನಾಸಿರ್ ಜಂಗ್ ಸೋದರಳಿಯ ಮುಜಫ್ಫರ್ ಜಂಗನ ಮೇಲೆ ಕಾದಾಡಿ, 1750ರ ಡಿಸೆಂಬರಿನಲ್ಲಿ ಜಿಂಜಿಯ ಬಳಿ ತನ್ನ ಜೊತೆಗಿದ್ದ ನವಾಬನಿಂದಲೇ ಸತ್ತ. ಪಟ್ಟಕ್ಕೆ ಬಂದ ಅಳಿಯ ಎರಡು ತಿಂಗಳು ಬಾಳಲಿಲ್ಲ. ಹಿರಿಯ ಮಗ ಗಾಜಿಉದ್ದೀನ್ 1752ರಲ್ಲಿ ಔರಂಗಾಬಾದಿನಲ್ಲಿ ಸತ್ತದ್ದು ವಿಷದಿಂದ ಎನ್ನುತ್ತಾರೆ. ಫ್ರೆಂಚರ ಬಲದಿಂದ ಗದ್ದುಗೆ ಏರಿದ್ದ ಇನ್ನೊಬ್ಬ ಮಗ ಸಲಾಬತ್ ಜಂಗನನ್ನು 1762ರಲ್ಲಿ ತಮ್ಮ ನಿಜಾಮ್ ಅಲಿಯೇ ಇಳಿಸಿ ಬೀದರ ಕೋಟೆಯಲ್ಲಿ ಸೆರೆ ಹಾಕಿದ. ಮರುವರ್ಷ ಸಲಾಬತ್ ಅಲ್ಲೇ ಸತ್ತ. ಆ ಕೋಟೆಯ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸಕ್ಕೆ ಬೆರಗಾಗಿ ಬರುವ ನಮಗೆ ಈ ಕೈದಿಯ ನೆನಪೇ ಇರುವುದಿಲ್ಲ. ಮನೆಮಂದಿಯೆಲ್ಲ ಒಂದೇ ಮಾತನ್ನು ಮೀರಿದರೆಂದರೆ ಮಕ್ಕಳ ಕಿವಿಯ ಜೊತೆಗೆ ಆ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ವಂಶ ಇನ್ನೂರು ವರ್ಷ ಆಳಿತಲ್ಲ ಎಂಬುದು ಇನ್ನೊಂದು ಆಕ್ಷೇಪ. ಆಳಿತು, ನಿಜ. ಆದರೆ ಮೊದಲನೆಯ ಕಲಮನ್ನು ಮುರಿದು 1795ರಲ್ಲಿ ಖರ್ಡಾದಲ್ಲಿ ಮರಾಠರಿಂದ ಹೊಡೆತ ತಿಂದ ನಿಜಾಮ್ ಅಲಿ, 1798ರಲ್ಲಿ ಇಂಗ್ಲಿಷರ ಪಡೆಯನ್ನು ಹೈದರಾಬಾದಿಗೆ ಕರೆದು ಕೂರಿಸಿಕೊಂಡ. ಆಮೇಲಿನ ಆಯುಷ್ಯವನ್ನು ಅಪ್ಪನ ವಿವೇಕದ ಲೆಕ್ಕಕ್ಕೆ ಬರೆಯಲಾಗದು.

ಇಷ್ಟಾದರೂ ಆ ಹದಿನೇಳರಲ್ಲಿ ಒಂದು ಕಲಮಿನ ಮೇಲೆ ನನಗೆ ವಿಪರೀತ ಪ್ರೀತಿ. ಚರಿತ್ರೆಕಾರರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆಳುವವನು ಡೇರೆಯಲ್ಲಿ ವಾಸಿಸಬೇಕು, ಸದಾ ತಿರುಗಾಟದಲ್ಲಿರಬೇಕು ಎಂದು ಹೇಳಿದ ಬಾಯಲ್ಲೇ, ಜೊತೆಗಿರುವ ಸೈನಿಕರಿಗೆ ರಜೆ ಕೊಟ್ಟು ಊರಿಗೆ ಕಳಿಸು ಎಂದೂ ಹೇಳಿದ. ಉಳಿದ ಮಾತುಗಳೆಲ್ಲ ಮಗ ಬೇರೆಯೇ ಮನುಷ್ಯನಾಗಲಿ ಎಂದು ಬಯಸುತ್ತವೆ: ಸಿಟ್ಟು ಬಿಡು, ಆಸೆ ಬಿಡು, ತಮ್ಮನನ್ನು ನಂಬು. ಇದೊಂದು ಮಾತ್ರ ಒಂದು ಕೆಲಸ ಹೇಳುತ್ತದೆ. ಮುಂಗೋಪಿ ಮಗನೂ, ಅಪ್ಪನ ಮೇಲೆ ಕತ್ತಿ ಎತ್ತಿದ ಮಗನೂ ರಜೆಯ ಅರ್ಜಿಗೆ ಮೊಹರು ಒತ್ತಬಲ್ಲ. ಬರೀ ರಜೆ ಕೊಡುವ ಮಾತಿನಲ್ಲಿ ಎಂಥ ಜ್ಞಾನವೆಂದು ಕೇಳುವವರಿದ್ದಾರೆ. ಅವರು ರಜೆ ಸಿಗದ ಕಚೇರಿಯಲ್ಲಿ ದುಡಿದಿರಲಾರರು.

ಅದೇ ನಿಜಾಮರ ಊರಿಗೆ ಬೀದರ, ಕಲಬುರಗಿ, ರಾಯಚೂರುಗಳಿಂದ ನೌಕರಿಗೆ, ಓದಿಗೆ ಬಂದು ನೆಲೆಸಿದ ಕನ್ನಡಿಗರ ಮುಂದೆಯೂ ಬುದ್ಧಿ ಹೇಳುವುದೋ, ಕೆಲಸ ಮಾಡುವುದೋ ಎಂಬ ಇಂಥದೇ ಆಯ್ಕೆಯಿತ್ತು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ, ಬೀದಿಯಲ್ಲಿ ತೆಲುಗು. ‘ಕನ್ನಡ ಮರೆಯಬೇಡಿ’ ಎಂದು ಮಕ್ಕಳಿಗೆ ಊಟದ ಹೊತ್ತಿಗೊಮ್ಮೆ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು, ಹೇಳಿದವರೂ ಇದ್ದಾರು. ಆದರೆ ಕೆಲವರು ಅಷ್ಟಕ್ಕೆ ನಿಲ್ಲದೆ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಕಟ್ಟಿದರು. ಶಾಲೆಯೆಂದ ಮೇಲೆ ಬೆಂಚು ಬೇಕು, ಮೇಷ್ಟ್ರ ಸಂಬಳ ತಿಂಗಳ ತಿಂಗಳಿಗೆ ಹೊಂದಬೇಕು, ಗಂಟೆ ಹೊಡೆಯಲು ಒಬ್ಬ ಬೇಕು. ಅಪ್ಪನ ಮಾತು ಕೇಳದ ಹುಡುಗನೂ ಆ ಗಂಟೆಗೆ ಒಳಗೆ ಹೋಗಿ ಕೂರುತ್ತಾನೆ.