ಧಾರಾವಾಹಿ ಮುಗಿದ ಮರುವಾರ

ಮನಸ್ಸಿಗೆ ಹಿಡಿಸಿದ ಒಂದು ಧಾರಾವಾಹಿ ಮುಗಿದ ಮರುವಾರ ಏನಾಗುತ್ತದೆ ಎಂಬುದನ್ನು ಎಂದಾದರೂ ಗಮನಿಸಿದ್ದೀರಾ? ಮುಗಿದ ದಿನ ಅಷ್ಟಾಗಿ ತಿಳಿಯುವುದಿಲ್ಲ. ಕಥೆಯ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುವಾಗ ಮದುವೆಮನೆಯ ಗಡಿಬಿಡಿಯೇ ನಮ್ಮನ್ನು ಹಿಡಿದಿರುತ್ತದೆ. ಮರುವಾರ ಅದೇ ಹೊತ್ತಿಗೆ ಕುಕ್ಕರನ್ನು ಬೇಗ ಇಳಿಸಿ, ಕೈ ಒರೆಸಿಕೊಂಡು ಬಂದು ಕುಳಿತರೆ ಪರದೆಯ ಮೇಲೆ ಯಾರೋ ಗುರುತಿಲ್ಲದವರು ಮಾತಾಡುತ್ತಿರುತ್ತಾರೆ. ಚಪ್ಪರ ಬಿಚ್ಚಿದ ಅಂಗಳವನ್ನು ನೋಡಿದ ಹಾಗಾಗುತ್ತದೆ.

ಈ ದುಃಖವನ್ನು ಬಾಯಿಬಿಟ್ಟು ಹೇಳಲು ನಮಗೆ ಸಂಕೋಚ. ‘ಕಟ್ಟುಕಥೆ ಮುಗಿಯಿತೆಂದು ಮುಖ ಬಾಡಿಸಿಕೊಳ್ಳುವುದೆ? ಮನೆಯಲ್ಲಿ ಬೇರೆ ಚಿಂತೆ ಇಲ್ಲವೆ?’ ಎಂದು ಯಾರಾದರೂ ನಕ್ಕರೆ ಎಂಬ ಅಳುಕು. ಆದರೆ ಇಷ್ಟು ಜನರಿಗೆ ಆಗುವ ಬೇಸರಕ್ಕೆ ಏನೋ ಒಂದು ಕಾರಣ ಇರಲೇಬೇಕಲ್ಲ? ಕಥೆ ಮುಗಿದಾಗ ನಾವು ನಿಜವಾಗಿ ಕಳೆದುಕೊಳ್ಳುವುದು ಏನನ್ನು? ಹಲವು ವರ್ಷಗಳಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು.

ಟೀವಿ ಬರುವುದಕ್ಕೆ ಮುಂಚೆಯೇ ಈ ಕಾಯಿಲೆ ನಮಗೆ ಅಂಟಿತ್ತು. ಸುಧಾ, ಪ್ರಜಾಮತದಂಥ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಕಂತಿನ ಕೊನೆಯಲ್ಲಿ ‘ಸಶೇಷ’ ಎಂಬ ಮೂರಕ್ಷರ. ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿದ್ದಾಳೆ, ಸಶೇಷ! ಪರಊರಿನಲ್ಲಿರುವ ನಮಗೆ ಪತ್ರಿಕೆ ಎರಡು ದಿನ ತಡವಾಗಿ ಸಿಗುತ್ತಿತ್ತು. ಒಂದೇ ಪ್ರತಿ ನಾಲ್ಕು ಮನೆ ತಿರುಗುತ್ತಿತ್ತು. ಕೊನೆಗೆ ಕೈಸೇರಿದ ಮನೆಯವರು ಆ ಪುಟಗಳನ್ನು ಕತ್ತರಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿ ಇಡುತ್ತಿದ್ದರು. ಮುಗಿದುಹೋದ ಕಥೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಅದು.

ಇನ್ನು ದೂರದರ್ಶನದ ಕಾಲ. ರಮಾನಂದ ಸಾಗರರ ‘ರಾಮಾಯಣ’ ೧೯೮೭ರ ಜನವರಿಯಲ್ಲಿ ಆರಂಭವಾಗಿ ೧೯೮೮ರ ಜುಲೈ ಕೊನೆಯಲ್ಲಿ ಮುಗಿಯಿತು. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗುತ್ತಿದ್ದುದನ್ನು ನೀವು ಕಂಡಿರಬಹುದು, ಇಲ್ಲವೆ ಕೇಳಿರಬಹುದು. ಕಥೆ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ ಎಂದಾಗ ಉತ್ತರ ಭಾರತದ ಕೆಲವು ಊರುಗಳಲ್ಲಿ ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಲವಕುಶರ ಕಥೆಯಲ್ಲಿ ತಮ್ಮ ಗುರುವೂ ಬರುತ್ತಾನೆ, ಅದನ್ನು ತೋರಿಸದೆ ಮುಗಿಸಬಾರದು ಎಂಬುದು ಅವರ ಬೇಡಿಕೆ. ಉತ್ತರಕಾಂಡದ ಕಥೆಯೂ ಆಮೇಲೆ ತೆರೆಗೆ ಬಂತು. ಕಥೆ ಎಲ್ಲಿ ಮುಗಿಯಬೇಕೆಂಬ ಪ್ರಶ್ನೆ ಜನರಿಗೆ ಎಷ್ಟು ದೊಡ್ಡದಾಗಿರಬಲ್ಲದು ನೋಡಿ.

ಆದರೆ ಹೊರನಾಡಿನ ಕನ್ನಡಿಗರಾದ ನಮ್ಮ ಪಾಲಿಗೆ ಅದೇ ದಶಕದ ಇನ್ನೊಂದು ಧಾರಾವಾಹಿ ಬೇರೆಯೇ ಬಗೆಯದು. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’. ಉದಯ ಟೀವಿ ಹುಟ್ಟಿದ್ದು ೧೯೯೪ರಲ್ಲಿ. ಅದಕ್ಕೆ ಮೊದಲು ಮುಂಬಯಿಯಲ್ಲಿ ಕುಳಿತವರಿಗೆ ಟೀವಿಯಲ್ಲಿ ಕನ್ನಡ ಕಾಣುವುದೆಂದರೆ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿ ನಮಗೆ ಬಂದಾಗ ಮಾತ್ರ. ಅಂಥ ಹೊತ್ತಿನಲ್ಲಿ ಆರ್.ಕೆ. ನಾರಾಯಣರ ಕಥೆಗಳು ಆಗುಂಬೆಯ ಹಂಚಿನ ಮನೆ, ಜಗಲಿ, ಮಳೆ ಎಲ್ಲವನ್ನೂ ಹೊತ್ತು ನಮ್ಮ ಕೋಣೆಯೊಳಕ್ಕೆ ಬಂದವು. ಮಾತು ಹಿಂದಿ, ಮುಖಗಳು ಮಾತ್ರ ನಮ್ಮವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ.

ನನ್ನ ಅಮ್ಮ ತೀರ್ಥಹಳ್ಳಿ ಸೀಮೆಯವಳು. ಅಪ್ಪ ತೀರಿಕೊಂಡ ಮೇಲೆ ಡೊಂಬಿವಿಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಿದ್ದಳು. ಹಿಂದಿ ಬಾರದು, ಮರಾಠಿ ಬಾರದು. ಊರಿನಲ್ಲಿ ನಾಲ್ಕು ಮನೆಯ ಬಾಣಂತನ, ಉಪ್ಪಿನಕಾಯಿ, ನ್ಯಾಯ ಪಂಚಾಯಿತಿ ಎಲ್ಲಕ್ಕೂ ಬೇಕಾಗಿದ್ದವಳು ಇಲ್ಲಿ ತರಕಾರಿಯವನ ಮುಂದೆ ಬೆರಳು ಎಣಿಸಿ ತೋರಿಸುವ ಸ್ಥಿತಿಗೆ ಬಂದಿದ್ದಳು. ಟೀವಿ ಇದ್ದುದು ನಮ್ಮ ಮಹಡಿಯಲ್ಲಿ ಎರಡೇ ಮನೆಗಳಲ್ಲಿ. ಅಕ್ಕಪಕ್ಕದ ಮರಾಠಿ ಹೆಂಗಸರು, ಮಕ್ಕಳು ನಮ್ಮಲ್ಲಿಗೆ ಬಂದು ಕೂರುತ್ತಿದ್ದರು. ಮಾಲ್ಗುಡಿ ಆರಂಭವಾದ ಮೇಲೆ ಒಂದು ವಿಚಿತ್ರ ನಡೆಯಿತು. ಪರದೆಯ ಮೇಲೆ ಕಾಣುತ್ತಿದ್ದುದರಲ್ಲಿ ಅಮ್ಮನಿಗೆ ಗೊತ್ತಿಲ್ಲದ್ದು ಮಾತು ಒಂದೇ. ಉಳಿದದ್ದೆಲ್ಲ ಅವಳಿಗೇ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ. ಆ ಗೋಡೆ ಜಂಬಿಟ್ಟಿಗೆಯದೆ? ಅಷ್ಟು ಮಳೆ ಎಷ್ಟು ತಿಂಗಳು? ಆ ಮರಕ್ಕೆ ಏರುವುದು ಹೇಗೆ? ‘ಆಜೀ, ಹೇ ಕಾಯ್?’ ಎಂದು ಹುಡುಗರು ಕೇಳುವುದು, ಅಮ್ಮ ಕನ್ನಡದಲ್ಲಿ ವಿವರಿಸುವುದು, ನಾನು ನಡುವೆ ತರ್ಜುಮೆ ಮಾಡುವುದು. ವಾರದ ಆ ಅರ್ಧ ಗಂಟೆ ಅವಳು ಮತ್ತೆ ಊರಿನಲ್ಲಿದ್ದ ಅಮ್ಮನಾಗುತ್ತಿದ್ದಳು.

ಸ್ವಾಮಿಯ ಕಥೆ ಮುಗಿಯುವುದು ರೈಲು ನಿಲ್ದಾಣದಲ್ಲಿ. ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ, ಇಬ್ಬರ ನಡುವೆ ಮಾತು ಬಿಟ್ಟಿದೆ. ಸ್ವಾಮಿ ಒಂದು ಪುಸ್ತಕವನ್ನು ಉಡುಗೊರೆಯಾಗಿ ತಂದಿದ್ದಾನೆ. ಗಾಡಿ ಹೊರಟುಬಿಡುತ್ತದೆ. ಅವನು ಕ್ಷಮಿಸಿದನೋ ಇಲ್ಲವೋ ತಿಳಿಯದೆ ಸ್ವಾಮಿ ನಿಂತೇ ಇರುತ್ತಾನೆ. ನಮ್ಮ ಕೋಣೆಯಲ್ಲಿ ಆ ಹೊತ್ತು ಯಾರೂ ಮಾತಾಡಲಿಲ್ಲ. ಆ ದೃಶ್ಯಕ್ಕೆ ತರ್ಜುಮೆ ಬೇಕಾಗಿರಲಿಲ್ಲ.

ಮಾಲ್ಗುಡಿಯ ಕಂತುಗಳೆಲ್ಲ ತೀರಿದ ಮರುವಾರ ಅಮ್ಮ ಎಂದಿನಂತೆ ಚಾಪೆ ಹಾಸಿದಳು. ಇಬ್ಬರೇ ಬಂದರು. ಅದರ ಮುಂದಿನ ವಾರ ಒಬ್ಬರು, ಹುರುಳಿಕಾಯಿ ನಾರು ಬಿಡಿಸುತ್ತ ಸ್ವಲ್ಪ ಹೊತ್ತು ಕೂತು ಹೋದರು. ಆಮೇಲೆ ಮಕ್ಕಳಿಗೆ ಪರೀಕ್ಷೆ ಬಂತು. ಚಾಪೆ ಬಾಗಿಲ ಹಿಂದೆ ಸುತ್ತಿಕೊಂಡು ನಿಂತಿತು. ‘ಕಥೆ ಹೋದರೆ ಹೋಗಲಿ ಮಾರಾಯ, ಜನ ಬರುತ್ತಿದ್ದರು’ ಎಂದಳು ಅಮ್ಮ. ನನ್ನ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಇದೆ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಶಂಕರ್ ನಾಗ್ ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದೂ ತುಂಬಿ ಮೂವತ್ತಾರು ಆಗಿರಲಿಲ್ಲ. ಮಾಲ್ಗುಡಿ ಅಂದು ಎರಡನೆಯ ಸಲ ಮುಗಿಯಿತು. ೨೦೦೬ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಇನ್ನಷ್ಟು ಕಂತುಗಳು ಬಂದವು. ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ೨೦೨೦ರಲ್ಲಿ ರೈಲ್ವೆಯವರು ಮಾಲ್ಗುಡಿಯ ಹೆಸರಿನಲ್ಲೇ ಒಂದು ಸಂಗ್ರಹಾಲಯ ತೆರೆದರು. ಮುಗಿದ ಕಥೆಯನ್ನು ಹೊಲಿದು ಇಟ್ಟುಕೊಳ್ಳುವ ಆಸೆ ರೈಲ್ವೆ ಇಲಾಖೆಗೂ ಇದೆ ಎಂದಾಯಿತು!

ಅದೇ ೨೦೨೦ರ ಮಾರ್ಚ್ ಕೊನೆಯಲ್ಲಿ, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ, ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿತು. ಅದೇ ರಾಮ, ಅದೇ ಹಾಡು, ಅದೇ ಬಾಣಗಳು. ಕೋಟಿಗಟ್ಟಲೆ ಜನ ನೋಡಿದರು. ನಾನೂ ನೋಡಿದೆ. ಕಥೆಯಲ್ಲಿ ಒಂದಕ್ಷರ ಕಡಿಮೆ ಇರಲಿಲ್ಲ. ಆದರೆ ಪಕ್ಕದ ಮನೆಯವರು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಹಿಂದೆ ಒಂದು ಟೀವಿಯ ಮುಂದೆ ಇಪ್ಪತ್ತು ಜನ. ಈಗ ಇಪ್ಪತ್ತು ಟೀವಿಗಳ ಮುಂದೆ ಒಂದೊಂದು ಕುಟುಂಬ. ಕಥೆ ಬೇಕೆಂದಾಗ ವಾಪಸು ಬರುತ್ತದೆ, ಅದು ಎಲ್ಲಿಗೂ ಹೋಗಿರುವುದಿಲ್ಲ. ಹೋಗುವುದು ಆ ಹೊತ್ತು, ಆ ಹೊತ್ತಿಗೆ ಜತೆಗೆ ಕೂರುತ್ತಿದ್ದ ಜನ. ನಮ್ಮ ಬೇಸರ ಅವರಿಗಾಗಿ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು ಎಂದು ಕಾಣುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದ. ನಾಡಿಗೆ ಸಮಾಧಾನವಾಗಲಿಲ್ಲವೋ ಏನೋ, ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಬರೆದು ಪೂರೈಸಿದ. ಊರಿನ ದೇವಸ್ಥಾನದಲ್ಲಿ ತಿಂಗಳುಗಟ್ಟಲೆ ನಡೆದ ಭಾರತ ವಾಚನ ಮುಗಿದರೆ ಎದ್ದು ಮನೆಗೆ ಹೋಗುವುದಿಲ್ಲ. ಮಂಗಳ ಹಾಡಿ, ಓದಿದವರಿಗೆ ಫಲತಾಂಬೂಲ ಕೊಟ್ಟು, ಎಲ್ಲರೂ ಒಟ್ಟಿಗೆ ಊಟ ಮಾಡಿ ಏಳುತ್ತಾರೆ. ನಮ್ಮ ಸಂಘದ ತುಳುನಾಡಿನ ಬಂಧುಗಳಿಗೆ ಪತ್ತನಾಜೆ ಗೊತ್ತೇ ಇದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರ, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ರಾತ್ರಿಯಿಡೀ ಆಟ ನೋಡಿದವರಿಗೆ ಅಂದು ಬೇಸರವೇನೋ ಆಗುತ್ತದೆ. ಆದರೆ ಆ ಬೇಸರಕ್ಕೆ ಒಂದು ದಿನ ಗೊತ್ತಾಗಿದೆ, ಒಂದು ಹೆಸರಿದೆ, ಒಬ್ಬರೇ ಅನುಭವಿಸಬೇಕಾಗಿಲ್ಲ. ಮಳೆಗಾಲ ಕಳೆದ ಮೇಲೆ ಮತ್ತೆ ಗೆಜ್ಜೆ ಕಟ್ಟುತ್ತಾರೆ ಎಂಬ ನಂಬಿಕೆಯೂ ಇದೆ.

ಈಗ ನಮ್ಮ ಮೊಮ್ಮಕ್ಕಳು ಇಡೀ ಧಾರಾವಾಹಿಯನ್ನು ಮೊಬೈಲಿನಲ್ಲಿ ಎರಡು ರಾತ್ರಿಗೆ ನುಂಗಿ ಮುಗಿಸುತ್ತಾರೆ. ಕಾಯುವ ಕಷ್ಟವಿಲ್ಲ, ಸಶೇಷದ ಸಂಕಟವಿಲ್ಲ. ಅವರಿಗೆ ದುಃಖವಾಗುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಮೂರನೆಯ ದಿನ ಊಟದ ತಟ್ಟೆಯ ಮುಂದೆ ಮಂಕಾಗಿ ಕೂರುವುದನ್ನು ನಾನು ಕಂಡಿದ್ದೇನೆ. ಏನಾಯಿತು ಎಂದರೆ ‘ಏನಿಲ್ಲ ತಾತ’ ಎನ್ನುತ್ತಾರೆ. ಏಕೆಂದರೆ ಆ ಕಥೆ ಮುಗಿದದ್ದು ಮನೆಯಲ್ಲಿ ಬೇರೆ ಯಾರಿಗೂ ಗೊತ್ತೇ ಇಲ್ಲ. ಅವರದು ಪತ್ತನಾಜೆ ಇಲ್ಲದ ಬೇಸರ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಯಾರಾದರೂ ಹೀಗೆ ಮಂಕಾಗಿ ಕೂತಿದ್ದರೆ, ‘ಅಯ್ಯೋ, ಅದೆಲ್ಲ ಸುಳ್ಳುಕಥೆ’ ಎಂದು ನಗಬೇಡಿ. ‘ಯಾವ ಕಥೆ? ಕೊನೆಗೆ ಏನಾಯಿತು?’ ಎಂದು ಪಕ್ಕದಲ್ಲಿ ಕುಳಿತು ಕೇಳಿ. ನಿಮಗೆ ಅರ್ಧ ಅರ್ಥವಾಗದಿದ್ದರೂ ಚಿಂತೆಯಿಲ್ಲ. ನಮ್ಮ ಅಮ್ಮನಿಗೂ ಮಾತು ಅರ್ಥವಾಗುತ್ತಿರಲಿಲ್ಲ.