ಅದೇ ನಲವತ್ತು ಕಿಲೋಮೀಟರ್!

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ತಲಘಟ್ಟಪುರ ಎಂದೊಡನೆ ಹಲವರಿಗೆ ನೆನಪಾಗುವುದು ರೇಷ್ಮೆ ಸಂಶೋಧನಾ ಸಂಸ್ಥೆ. ೨೦೨೧ರಲ್ಲಿ ಮೆಟ್ರೊ ರೈಲು ಕೂಡ ಈ ಊರಿಗೆ ಬಂತು. ರಜಾದಿನದ ಬೆಳಗಿನ ಜಾವ ಇಲ್ಲಿ ಇನ್ನೊಂದು ನೋಟವೂ ಉಂಟು. ಹೆಲ್ಮೆಟ್ ತೊಟ್ಟ ಸೈಕಲ್ ಸವಾರರು ಸಾಲುಗಟ್ಟಿ ಕನಕಪುರ ರಸ್ತೆ ಹಿಡಿದು ಸಾಗುತ್ತಾರೆ. ಕಗ್ಗಲೀಪುರ, ಹಾರೋಹಳ್ಳಿ ದಾಟಿ ಕನಕಪುರ ಮುಟ್ಟಿದರೆ ದೂರ ಸುಮಾರು ೪೦ ಕಿ.ಮೀ. ಪಳಗಿದ ಕಾಲುಗಳಿಗೆ ಅದು ಎರಡು ಗಂಟೆಯ ಕೆಲಸ. ಅಲ್ಲಿ ಬಿಸಿ ಇಡ್ಲಿ ತಿಂದು ಹೊರಟರೆ ಊಟದ ಹೊತ್ತಿಗೆ ಮನೆ.

ಹೀಗೆ ಪಳಗಿದ ಸವಾರರಲ್ಲಿ ಅನೇಕರು ಕಾಣುವ ಕನಸು ಹಿಮಾಲಯದ ಮನಾಲಿ–ಲೇಹ್ ದಾರಿಯದು. ಆ ದಾರಿಯಲ್ಲೂ ಇಂಥದೇ ಒಂದು ೪೦ ಕಿ.ಮೀ. ಇದೆ. ಪಾಂಗ್ ಎಂಬ ತಂಗುದಾಣದಿಂದ ಡೆಬ್ರಿಂಗ್‌ವರೆಗೆ ಹಬ್ಬಿರುವ ಮೋರೆ ಬಯಲು ಅದು. ಕನ್ನಡದ ಮೋರೆಗೂ ಈ ಹೆಸರಿಗೂ ಸಂಬಂಧವಿಲ್ಲ. ಆದರೆ ಅದನ್ನು ದಾಟಿ ಬಂದವರ ಮೋರೆಯನ್ನು ಬಿಸಿಲು ಸುಟ್ಟು ಕಪ್ಪಾಗಿಸಿರುತ್ತದೆ ಎಂಬುದಂತೂ ನಿಜ!

ಮಳೆ ಮರೆತ ನಾಡು

ಮರಳುಗಾಡು ಎಂದರೆ ಮಕ್ಕಳ ಕಣ್ಣ ಮುಂದೆ ಬರುವುದು ರಾಜಸ್ಥಾನದ ಮರಳು, ಒಂಟೆ, ಉರಿಬಿಸಿಲು. ಲಡಾಖ್ ತಣ್ಣನೆಯ ಮರುಭೂಮಿ. ಮುಂಗಾರಿನ ಮೋಡಗಳನ್ನು ಹಿಮಾಲಯದ ಶ್ರೇಣಿಗಳು ದಕ್ಷಿಣದಲ್ಲೇ ತಡೆದುಬಿಡುತ್ತವೆ. ಪಶ್ಚಿಮ ಘಟ್ಟದ ಮರೆಯಲ್ಲಿರುವ ನಮ್ಮ ಚಳ್ಳಕೆರೆ, ಹಿರಿಯೂರು ಒಣಗಿರುವುದಕ್ಕೂ ಇಂಥ ಮಳೆನೆರಳೇ ಕಾರಣ. ಆದರೆ ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಹಿಮವೆಲ್ಲ ಸೇರಿ ಸುಮಾರು ೧೦೦ ಮಿ.ಮೀ. ಮಾತ್ರ. ಬೆಂಗಳೂರಿನಲ್ಲಿ ಮಳೆಗಾಲದ ಒಂದೇ ತಿಂಗಳು ಅದನ್ನು ಮೀರಿಸಬಲ್ಲದು.

ಪಾಂಗ್‌ನಲ್ಲಿ ಊರಿಲ್ಲ. ಸೈನ್ಯದ ಶಿಬಿರವಿದೆ, ಬೇಸಗೆಯಲ್ಲಿ ಮಾತ್ರ ತೆರೆಯುವ ಗುಡಾರದ ಹೋಟೆಲುಗಳಿವೆ. ಸವಾರರು ಬೆಳಗ್ಗೆ ಆದಷ್ಟು ಬೇಗ ಹೊರಡುತ್ತಾರೆ. ಮೊದಲ ಕೆಲವು ಕಿಲೋಮೀಟರ್ ಕಡಿದಾದ ತಿರುವುಗಳ ಏರು. ಆಮೇಲೆ ಬೆಟ್ಟಗಳು ಎರಡೂ ಬದಿಗೆ ಸರಿದು ನಿಂತಂತಾಗಿ, ಎದುರಿಗೆ ಅಂಗೈಯಂಥ ಬಯಲು ತೆರೆದುಕೊಳ್ಳುತ್ತದೆ. ಒಂದು ಮರವಿಲ್ಲ. ಕಂದು, ಹಳದಿ, ನೇರಳೆ ಬಣ್ಣದ ಗುಡ್ಡಗಳು. ನಡುವೆ ಕರಿದಾರದಂತೆ ಟಾರು ರಸ್ತೆ. ದೂರದಲ್ಲಿ ಚಾಂಗ್‌ಪಾ ಅಲೆಮಾರಿಗಳ ಕುರಿ ಮೇಕೆಗಳ ಹಿಂಡು. ಪಶ್ಮೀನಾ ಶಾಲಿನ ನವಿರಾದ ಉಣ್ಣೆ ಬರುವುದು ಇಂಥ ಮೇಕೆಗಳ ಮೈಯಿಂದಲೇ.

ಗಾಳಿಯ ಲೆಕ್ಕ

ಈ ಬಯಲಿನ ಎತ್ತರ ಸುಮಾರು ೪,೭೦೦ ಮೀಟರ್. ಬೆಂಗಳೂರು ಇರುವುದು ೯೦೦ ಮೀಟರ್ ಆಸುಪಾಸಿನಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ಏರಿದರೂ ೧,೯೩೦ ಮೀಟರ್ ಆದೀತು, ಅಷ್ಟೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ ೨೧. ಆದರೆ ಮೋರೆ ಬಯಲಿನಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅಷ್ಟೇ. ಅಲ್ಲಿ ನೀರು ಸುಮಾರು ೮೫ ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟರೆ ಸೌದೆ ಮುಗಿಯುತ್ತದೆಯೇ ಹೊರತು ಬೇಳೆ ಬೇಯುವುದಿಲ್ಲ.

ತೆಳುಗಾಳಿಯಿಂದ ಸೈಕಲ್ಲಿಗೆ ಒಂದು ಲಾಭವೂ ಉಂಟು. ಎದುರಿನ ಗಾಳಿ ಒಡ್ಡುವ ತಡೆ ಕಡಿಮೆ. ಆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು, ಏಕೆಂದರೆ ಪೆಡಲ್ ತುಳಿಯುವ ಕಾಲಿಗೆ ಬೇಕಾದ ಆಮ್ಲಜನಕವೇ ಸಿಗದು. ಕನಕಪುರ ರಸ್ತೆಯಲ್ಲಿ ಹಾಡಿಕೊಂಡು ಹೋದವರು ಇಲ್ಲಿ ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತಾರೆ. ಬೆವರು ಕಾಣುವುದೇ ಇಲ್ಲ. ಒಣಗಾಳಿ ಅದನ್ನು ಹುಟ್ಟುವ ಮೊದಲೇ ಹೀರಿಬಿಡುತ್ತದೆ. ಬೆವರಿಲ್ಲ, ಬಾಯಾರಿಕೆಯಿಲ್ಲ ಎಂದು ನೀರು ಕುಡಿಯದವರು ಸಂಜೆಗೆ ಸೋಲುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಬಿರುಗಾಳಿ ಏಳುತ್ತದೆ. ಧೂಳಿನ ಸುಳಿಗಳು ಬಯಲಿನಲ್ಲಿ ಕುಣಿಯುತ್ತವೆ. ಗುಂಪಿನ ಬೆಲೆ ತಿಳಿಯುವುದು ಆಗ. ಮುಂದಿನವರು ಗಾಳಿಯನ್ನು ಸೀಳಿದರೆ ಅವರ ಬೆನ್ನ ಹಿಂದೆ ಅಂಟಿಕೊಂಡು ಬರುವವರಿಗೆ ಶ್ರಮ ಕಡಿಮೆ. ಸ್ವಲ್ಪ ದೂರಕ್ಕೊಮ್ಮೆ ಮುಂದಿನವರು ಹಿಂದೆ ಸರಿದು ಇನ್ನೊಬ್ಬರಿಗೆ ಸರದಿ ಬಿಡುತ್ತಾರೆ. ಕಟ್ಟಕಡೆಯಲ್ಲಿ ಬರುವ ಅನುಭವಿಗೆ ಸವಾರರ ಭಾಷೆಯಲ್ಲಿ ‘ಸ್ವೀಪ್’ ಎಂದು ಹೆಸರು. ಯಾರೇ ನಿಂತರೂ ಸ್ವೀಪ್ ನಿಲ್ಲಬೇಕು. ಯಾರನ್ನೂ ಹಿಂದೆ ಬಿಟ್ಟು ಬರುವಂತಿಲ್ಲ.

ಬಾತು ಕಲಿತ ಪಾಠ

ಡೆಬ್ರಿಂಗ್ ಸಮೀಪದಿಂದ ಒಂದು ದಾರಿ ತ್ಸೋ ಕರ್ ಎಂಬ ಉಪ್ಪುನೀರಿನ ಸರೋವರಕ್ಕೆ ಕವಲೊಡೆಯುತ್ತದೆ. ಬೇಸಗೆಯಲ್ಲಿ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿಮಾಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಅತಿಥಿಗಳಾಗಿ ಬರುವುದೂ ಇದೇ ಜಾತಿಯ ಹಕ್ಕಿ. ಹಿಮಾಲಯವನ್ನೇ ಹಾರಿ ದಾಟುವ ಈ ಬಾತಿನ ರಕ್ತದ ಹಿಮೋಗ್ಲೋಬಿನ್, ತೆಳುಗಾಳಿಯಿಂದಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯಬಲ್ಲದು.

ಬಯಲುಸೀಮೆಯ ಮನುಷ್ಯನಿಗೆ ಆ ವರ ಇಲ್ಲ. ಅವನ ದೇಹ ಎತ್ತರಕ್ಕೆ ಒಗ್ಗುತ್ತದೆ, ಆದರೆ ದಿನಗಳನ್ನು ಕೇಳುತ್ತದೆ. ೩,೦೦೦ ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ ೫೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿ ಮಲಗಬಾರದು ಎಂಬುದು ವೈದ್ಯರ ಸಲಹೆ. ಈ ದಾರಿಯಲ್ಲಿ ತಂಗುದಾಣಗಳು ದೂರ ದೂರ. ಅವಸರ ಮಾಡಿದರೆ ಈ ಸಲಹೆ ಸುಲಭವಾಗಿ ಮುರಿಯುತ್ತದೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು ಮೊದಲ ಎಚ್ಚರಿಕೆ. ಕೂತಲ್ಲೇ ಉಸಿರು ಕಟ್ಟುವುದು, ನಡಿಗೆ ತೊದಲುವುದು, ಮಾತು ತಪ್ಪುವುದು ಕಂಡರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬುತ್ತಿದೆ ಎಂದು ತಿಳಿದು ತಕ್ಷಣ ಕೆಳಗಿಳಿಸಬೇಕು. ತಡಮಾಡಿದರೆ ಪ್ರಾಣಕ್ಕೇ ಅಪಾಯ.

ಸೋಜಿಗವೆಂದರೆ, ಕಸುವುಳ್ಳ ತರುಣರೂ ಇದಕ್ಕೆ ಸಿಲುಕುತ್ತಾರೆ. ಕಾಲಿನ ಬಲಕ್ಕೂ ಎತ್ತರದ ಒಗ್ಗುವಿಕೆಗೂ ನಂಟಿಲ್ಲ. ಬಲವಿದ್ದವರು ಬೇಗ ಏರುತ್ತಾರೆ, ಬೇಗ ಏರಿದ್ದೇ ಮುಳುವಾಗುತ್ತದೆ. ತಲೆನೋವನ್ನು ಹೇಳಿಕೊಂಡರೆ ಗೆಳೆಯರು ನಕ್ಕಾರು, ಗುಂಪಿಗೆ ತೊಡಕಾದೀತು ಎಂದು ಮುಚ್ಚಿಡುವವರೂ ಉಂಟು. ಆದ್ದರಿಂದ ಒಳ್ಳೆಯ ತಂಡಗಳಲ್ಲಿ ಪ್ರತಿ ಬೆಳಗ್ಗೆ ನಾಯಕ ಪ್ರತಿಯೊಬ್ಬರನ್ನೂ ಕೇಳುತ್ತಾನೆ: ನಿದ್ದೆ ಬಂತೆ? ತಿಂಡಿ ಸೇರಿತೆ? ತಲೆ ಭಾರವೆ? ಒಬ್ಬರ ಉತ್ತರ ಸರಿಯಿಲ್ಲವೆಂದರೆ ಅವರ ಸೈಕಲ್ ಜೀಪು ಏರುತ್ತದೆ. ಅದು ಸೋಲಲ್ಲ.

ಮಗನನ್ನೋ ಮಗಳನ್ನೋ ಇಂಥ ಯಾತ್ರೆಗೆ ಕಳುಹಿಸುವ ತಂದೆತಾಯಿ ಸೈಕಲ್ಲಿನ ಬೆಲೆ, ಗೇರುಗಳ ಸಂಖ್ಯೆ ವಿಚಾರಿಸುವ ಮೊದಲು ಕೇಳಬೇಕಾದದ್ದು ಮೂರು ಪ್ರಶ್ನೆ. ಒಗ್ಗಿಕೊಳ್ಳಲು ಎಷ್ಟು ದಿನ ಇಟ್ಟಿದ್ದಾರೆ? ಜೊತೆಗೆ ವಾಹನವೂ ಆಮ್ಲಜನಕವೂ ಇರುತ್ತವೆಯೆ? ಹುಷಾರಿಲ್ಲ ಎಂದವರನ್ನು ಕೆಳಗಿಳಿಸುವ ಅಧಿಕಾರ ಯಾರಿಗೆ? ಉತ್ತರ ಸಮಾಧಾನ ತಂದರೆ ಹರಸಿ ಕಳುಹಿಸಬಹುದು.

ಡೆಬ್ರಿಂಗ್‌ನ ಗುಡಾರ ಸೇರಿದವರಿಗೆ ಮರುದಿನ ಸುಮಾರು ೫,೩೦೦ ಮೀಟರ್ ಎತ್ತರದ ತಂಗ್ಲಂಗ್ ಲಾ ಕಣಿವೆದಾರಿ ಕಾದಿರುತ್ತದೆ. ಅದರಾಚೆ ಇಳಿಜಾರು, ರುಮ್‌ತ್ಸೆಯ ಹಸಿರು ಹೊಲ, ಮುಂದೆ ಸಿಂಧೂ ನದಿ. ನಿಧಾನವಾಗಿ ಬಂದವರಿಗೆ ಅವೆಲ್ಲವೂ ಸಿಗುತ್ತವೆ.