ತಕ್ಕಡಿ, ಆಮ್ಲ ಮತ್ತು ಅಣು ಇಂಧನ

ರಸಾಯನಶಾಸ್ತ್ರವನ್ನು ಬೋಧಿಸಿದಷ್ಟೂ ವರ್ಷ ನಾನು ಒಂದು ಸಂಗತಿಯನ್ನು ಗಮನಿಸುತ್ತಲೇ ಬಂದೆ. ಯುರೇನಿಯಂ ಎಂಬ ಹೆಸರು ಕಿವಿಗೆ ಬಿದ್ದೊಡನೆ ತರಗತಿಯೆಲ್ಲ ಎಚ್ಚರಗೊಳ್ಳುತ್ತಿತ್ತು. ಬಾಂಬು, ಹಿರೋಷಿಮಾ, ವಿಕಿರಣ ಎಂದು ಪ್ರಶ್ನೆಗಳ ಮಳೆ ಸುರಿಯುತ್ತಿತ್ತು. ಫ್ಲೋರಿನ್ ಪಾಠಕ್ಕೆ ಬಂದರೆ ಹಿಂದಿನ ಬೆಂಚಿನ ಮಹನೀಯರು ಆಕಳಿಸತೊಡಗುತ್ತಿದ್ದರು. ಅವರಲ್ಲಿ ಕೆಲವರು ಈ ಪುಟಗಳನ್ನು ತಪ್ಪದೆ ಓದುತ್ತಾರೆ. ಆದ್ದರಿಂದ ಹೆಸರು ಹೇಳುವುದಿಲ್ಲ!

ಅಂದಿನ ಆ ವಿದ್ಯಾರ್ಥಿಗಳಲ್ಲೊಬ್ಬರು ಈಗ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತೆಯ ಹೊಣೆ ಹೊತ್ತಿದ್ದಾರೆ. ಈಚೆಗೆ ಮಾತಿನ ನಡುವೆ ಅವರು, "ಅಣು ಇಂಧನ ತಯಾರಿಸುವ ಕಾರ್ಖಾನೆಯಲ್ಲಿ ಸುರಕ್ಷತಾ ಪರಿಶೀಲನೆಯೆಂದರೆ ವಿಕಿರಣವನ್ನು ಅಳೆಯುವುದೇ ತಾನೆ, ಮೇಷ್ಟ್ರೇ?" ಎಂದು ಕೇಳಿದರು. ಪ್ರಶ್ನೆ ಸಣ್ಣದು, ಉತ್ತರ ದೊಡ್ಡದು. ದೂರವಾಣಿಯಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ ಗೋರ್ ಎಂಬ ಪುಟ್ಟ ಊರಿದೆ. ಅದರ ಸಮೀಪದಲ್ಲಿ ಸಿಕ್ವೋಯಾ ಫ್ಯುಯೆಲ್ಸ್ ಎಂಬ ಕಾರ್ಖಾನೆಯಿತ್ತು. ಗಣಿಗಳಿಂದ ಬಂದ ಹಳದಿ ಪುಡಿಯಂಥ ಯುರೇನಿಯಂ ಸಾಂದ್ರವನ್ನು ಶುದ್ಧೀಕರಿಸಿ, ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಸಂಯುಕ್ತವಾಗಿ ಪರಿವರ್ತಿಸುವುದು ಅದರ ಕೆಲಸ. ಯುರೇನಿಯಮ್ಮನ್ನು ಸಮೃದ್ಧಗೊಳಿಸಬೇಕಾದರೆ ಮೊದಲು ಅದನ್ನು ಅನಿಲವಾಗಬಲ್ಲ ರೂಪಕ್ಕೆ ತರಬೇಕು. ಆ ಗುಣ ಈ ಸಂಯುಕ್ತಕ್ಕಿದೆ. ಕೊಠಡಿಯ ಉಷ್ಣತೆಯಲ್ಲಿ ಅದು ಬಿಳಿಯ ಘನವಸ್ತು. ಸ್ವಲ್ಪ ಕಾಯಿಸಿದರೆ ಆವಿಯಾಗುತ್ತದೆ. ಒತ್ತಡದಲ್ಲಿಟ್ಟು ಸುಮಾರು 64 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ದ್ರವವಾಗುತ್ತದೆ.

1986ರ ಜನವರಿ 4ರಂದು ಆ ಕಾರ್ಖಾನೆಯಲ್ಲಿ ಒಂದು ದೊಡ್ಡ ಉಕ್ಕಿನ ಸಿಲಿಂಡರಿಗೆ ಈ ವಸ್ತುವನ್ನು ತುಂಬಿಸುತ್ತಿದ್ದರು. ಅದಕ್ಕೆ ತುಂಬಬಹುದಾದ ಗರಿಷ್ಠ ತೂಕ ಸುಮಾರು 12.5 ಟನ್. ಸಿಲಿಂಡರನ್ನು ಹೊತ್ತ ಗಾಡಿ ತೂಕದ ವೇದಿಕೆಯ ಮೇಲೆ ಸರಿಯಾಗಿ ಕೂತಿರಲಿಲ್ಲ. ಅದರ ಒಂದು ಚಕ್ರ ವೇದಿಕೆಯಿಂದ ಹೊರಗಿತ್ತು. ಆದುದರಿಂದ ತಕ್ಕಡಿ ಕಡಿಮೆ ತೂಕ ತೋರಿಸಿತು; ಕಾರ್ಮಿಕರು ತುಂಬುತ್ತಲೇ ಹೋದರು. ಒಂದು ಟನ್ನಿಗೆ ಹತ್ತಿರದಷ್ಟು ಹೆಚ್ಚುವರಿ ಸರಕು ಒಳಗೆ ಸೇರಿತು. ವಿಷಯ ತಿಳಿದ ಮೇಲೆ ಹೆಚ್ಚುವರಿಯನ್ನು ಹೊರತೆಗೆಯಲೆಂದು ಸಿಲಿಂಡರನ್ನು ಹಬೆಯ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರು. ಮಿತಿಮೀರಿ ತುಂಬಿದ ಸಿಲಿಂಡರನ್ನು ಕಾಯಿಸಕೂಡದೆಂದು ಕಾರ್ಖಾನೆಯ ಕಾರ್ಯವಿಧಾನದಲ್ಲೇ ಇತ್ತು.

ಯಾಕೆ ಕಾಯಿಸಬಾರದು? ಇದನ್ನು ಅರಿಯಲು ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಶೀಶೆ ಸಾಕು. ಚಳಿಗಾಲದಲ್ಲಿ ಗಟ್ಟಿಯಾದ ಎಣ್ಣೆಯನ್ನು ಬಾಯಿಯವರೆಗೂ ಒತ್ತಿ ತುಂಬಿ ಬಿಸಿಲಿಗಿಟ್ಟರೆ ಕರಗಿ ಹೊರಚೆಲ್ಲುತ್ತದೆ. ಕರಗುವಾಗ ಹಿಗ್ಗುವುದು ಬಹುತೇಕ ವಸ್ತುಗಳ ಸ್ವಭಾವ, ಮಂಜುಗಡ್ಡೆ ಅಪವಾದ. ಆದರೆ ಯುರೇನಿಯಂ ಹೆಕ್ಸಾಫ್ಲೋರೈಡ್ ಕರಗುವಾಗ ಹಿಗ್ಗುವುದು ಅಷ್ಟಿಷ್ಟಲ್ಲ, ತನ್ನ ಗಾತ್ರದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಬಾಯಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಅದಕ್ಕೆ ಚೆಲ್ಲಲು ಜಾಗವೆಲ್ಲಿ? ಸಿಲಿಂಡರು ಸೀಳಿತು.

ಹೊರನುಗ್ಗಿದ ವಸ್ತು ಗಾಳಿಯ ತೇವಾಂಶದೊಡನೆ ಕೂಡಿ ಎರಡಾಯಿತು. ಒಂದು ಯುರೇನೈಲ್ ಫ್ಲೋರೈಡ್, ಇನ್ನೊಂದು ಹೈಡ್ರೋಜನ್ ಫ್ಲೋರೈಡ್. ಎರಡನೆಯದು ನೀರಿನಲ್ಲಿ ಕರಗಿದರೆ ಹೈಡ್ರೋಫ್ಲೋರಿಕ್ ಆಮ್ಲ, ಅಂದರೆ ಗಾಜನ್ನೇ ತಿನ್ನುವ ಆಮ್ಲ. ಇದನ್ನು ಗಾಜಿನ ಶೀಶೆಯಲ್ಲಿ ಏಕೆ ಇಡಬಾರದೆಂದು ನಾನು ಪರೀಕ್ಷೆಯಲ್ಲಿ ಕೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಈ ಅನಿಲವನ್ನು ಉಸಿರಾಡಿದರೆ ಶ್ವಾಸಕೋಶದ ತೇವದಲ್ಲೇ ಆಮ್ಲ ಸಿದ್ಧವಾಗುತ್ತದೆ. ಆ ಬಿಳಿಯ ಮೋಡದಲ್ಲಿ ಸಿಲುಕಿದ ಒಬ್ಬ ಯುವ ಕಾರ್ಮಿಕ ಅಂದೇ ಮರಣಹೊಂದಿದ. ಅನೇಕರು ಆಸ್ಪತ್ರೆ ಸೇರಿದರು. ಆ ಸಾವಿಗೆ ಕಾರಣ ಆಮ್ಲವೇ ಹೊರತು ವಿಕಿರಣವಲ್ಲವೆಂದು ತನಿಖೆಯಿಂದ ತಿಳಿದುಬಂತು. ಹೆನ್ರಿ ಮೊಯಿಸಾನ್ ಎಂಬ ಫ್ರೆಂಚ್ ವಿಜ್ಞಾನಿ ಇದೇ ಆಮ್ಲದಿಂದ ಫ್ಲೋರಿನ್ನನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1886ರಲ್ಲಿ. ಅದಕ್ಕೆ ಮೊದಲು ಆ ಯತ್ನದಲ್ಲಿ ಕೆಲವರು ಪ್ರಾಣವನ್ನೇ ತೆತ್ತಿದ್ದರು. ನೂರು ವರ್ಷ ಕಳೆದರೂ ಆ ಆಮ್ಲದ ಸ್ವಭಾವ ಬದಲಾಗಿರಲಿಲ್ಲ.

ಈ ಘಟನೆಯನ್ನು ನಮ್ಮಲ್ಲಿ ಬಲ್ಲವರು ವಿರಳ. ಹದಿಮೂರು ತಿಂಗಳ ಹಿಂದೆಯಷ್ಟೇ ಭೋಪಾಲದ ಮಹಾದುರಂತ ಸಂಭವಿಸಿತ್ತು. ನಾಲ್ಕು ತಿಂಗಳೊಳಗೆ ಚೆರ್ನೋಬಿಲ್ ಬಂತು. ಆ ಎರಡರ ನಡುವೆ ಗೋರ್‌ನ ಒಂದು ಜೀವ ಮರೆಯಾಗಿಹೋಯಿತು. ಆದರೆ ನಿಯಂತ್ರಣದ ಕೆಲಸ ಮಾಡುವವರಿಗೆ ಅದು ಬಿಟ್ಟುಹೋದ ಪ್ರಶ್ನೆ ಬಹಳ ಗಂಭೀರವಾದುದು: ಆ ಆಮ್ಲವನ್ನು ನೋಡಿಕೊಳ್ಳಬೇಕಾದವರು ಯಾರು?

ಅಮೆರಿಕದಲ್ಲಿ ಪರಮಾಣು ವಸ್ತುಗಳಿಗೆ ಪರವಾನಗಿ ನೀಡುವುದು ಪರಮಾಣು ನಿಯಂತ್ರಣ ಆಯೋಗ. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯವನ್ನು ನೋಡಿಕೊಳ್ಳಲು ಮತ್ತೊಂದು ಪ್ರತ್ಯೇಕ ಇಲಾಖೆಯಿದೆ. ಒಬ್ಬರ ಕಣ್ಣು ವಿಕಿರಣದ ಮೇಲೆ, ಇನ್ನೊಬ್ಬರ ಕಣ್ಣು ಸಾಮಾನ್ಯ ಕಾರ್ಖಾನೆಗಳ ಅಪಾಯಗಳ ಮೇಲೆ. ಯುರೇನಿಯಮ್ಮಿನ ಹೊಟ್ಟೆಯಿಂದ ಹುಟ್ಟುವ ಆಮ್ಲ ಈ ಎರಡು ಕಣ್ಣುಗಳ ನಡುವೆ ಉಳಿಯಿತು. ಎರಡು ಮನೆಯ ನಡುವಿನ ಓಣಿಯನ್ನು ಯಾರೂ ಗುಡಿಸದಿರುವುದನ್ನು ನಾವೆಲ್ಲ ಕಂಡವರೇ.

1988ರಲ್ಲಿ ಎರಡೂ ಸಂಸ್ಥೆಗಳು ಒಂದು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿ ಅಪಾಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದವು. ವಿಕಿರಣಶೀಲ ವಸ್ತುವಿನಿಂದ ಬರುವ ವಿಕಿರಣದ ಅಪಾಯ ಮೊದಲನೆಯದು. ಅದೇ ವಸ್ತುವಿನಿಂದ ಬರುವ ರಾಸಾಯನಿಕ ಅಪಾಯ ಎರಡನೆಯದು. ಆ ವಸ್ತುವಿನ ಸುರಕ್ಷತೆಗೆ ಧಕ್ಕೆ ತರಬಲ್ಲ ಬೆಂಕಿ, ಸ್ಫೋಟಗಳಂಥ ಕಾರ್ಖಾನೆಯ ಪರಿಸ್ಥಿತಿ ಮೂರನೆಯದು. ಇವು ಮೂರೂ ಪರಮಾಣು ಆಯೋಗದ ಪಾಲಿಗೆ ಬಂದವು. ವಿಕಿರಣಶೀಲ ವಸ್ತುವಿಗೆ ಸಂಬಂಧವೇ ಇಲ್ಲದ ಉಳಿದ ಔದ್ಯೋಗಿಕ ಅಪಾಯಗಳು ಕಾರ್ಮಿಕ ಸುರಕ್ಷತಾ ಇಲಾಖೆಗೆ ಉಳಿದವು.

2000ದಲ್ಲಿ ಆಯೋಗವು ಸಮೃದ್ಧ ಯುರೇನಿಯಂ ಮತ್ತು ಪ್ಲುಟೋನಿಯಂ ಬಳಸುವ ಇಂಧನ ಕಾರ್ಖಾನೆಗಳಿಗೆ ಹೊಸ ನಿಯಮಗಳನ್ನು ಪ್ರಕಟಿಸಿತು. ಏನೇನು ತಪ್ಪಬಹುದು, ತಪ್ಪಿದರೆ ಪರಿಣಾಮವೇನು, ಅದನ್ನು ತಡೆಯುವ ಏರ್ಪಾಡು ಯಾವುದು ಎಂದು ಕಾರ್ಖಾನೆಯವರೇ ಸಮಗ್ರವಾಗಿ ವಿಶ್ಲೇಷಿಸಬೇಕು; ಆಯೋಗದ ತಜ್ಞರು ಅದನ್ನು ಪರಿಶೀಲಿಸುತ್ತಾರೆ. ಆ ಪರಿಶೀಲನೆಯ ಕೈಪಿಡಿಯಲ್ಲಿ ರಾಸಾಯನಿಕ ಸುರಕ್ಷತೆಗೇ ಒಂದು ಪ್ರತ್ಯೇಕ ಅಧ್ಯಾಯವಿದೆ. ಕಾರ್ಮಿಕನ ಜೀವಕ್ಕೆ ಕುತ್ತು ತರಬಲ್ಲ ರಾಸಾಯನಿಕ ಸಂಪರ್ಕವನ್ನು 1 ಸೀವರ್ಟ್ ವಿಕಿರಣದ ಸಾಲಿನಲ್ಲೇ, ಅತಿ ಗಂಭೀರ ಪರಿಣಾಮವೆಂದು ಇರಿಸಲಾಗಿದೆ. ಕಾರ್ಖಾನೆಯ ಆವರಣದ ಹೊರಗಿರುವವರ ದೇಹಕ್ಕೆ ಕರಗಬಲ್ಲ ಯುರೇನಿಯಂ 30 ಮಿಲಿಗ್ರಾಂ ಸೇರುವುದೂ ಅದೇ ಸಾಲಿಗೆ ಸೇರಿದೆ. ಇಲ್ಲಿ ಮಿಲಿಗ್ರಾಂ ಎಂಬ ಅಳತೆಯನ್ನು ಗಮನಿಸಬೇಕು. ಕರಗುವ ಯುರೇನಿಯಂ ಮೊದಲು ಕೆಡಿಸುವುದು ಮೂತ್ರಪಿಂಡವನ್ನು, ಅದೂ ಸೀಸ, ಪಾದರಸಗಳಂತೆ ಒಂದು ಭಾರಲೋಹವಾಗಿ.

ಹಾಗಾದರೆ ಓಣಿ ಪೂರ್ತಿಯಾಗಿ ಗುಡಿಸಲ್ಪಟ್ಟಿತೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಸಿಕ್ವೋಯಾದಂತೆ ನೈಸರ್ಗಿಕ ಯುರೇನಿಯಮ್ಮನ್ನು ಪರಿವರ್ತಿಸುವ ಕಾರ್ಖಾನೆಗಳು ನಿಯಮಾವಳಿಯ ಬೇರೊಂದು ಭಾಗಕ್ಕೆ ಸೇರಿದವು. 2000ದ ನಿಯಮಗಳನ್ನು ಬರೆದದ್ದು ಅವುಗಳಿಗಾಗಿ ಅಲ್ಲ. ಅಲ್ಲದೆ ಆ ನಿಯಮದ ವ್ಯಾಖ್ಯೆಯಂತೆ, ಯುರೇನಿಯಮ್ಮಿನಿಂದ ಹುಟ್ಟಿದ ಅಥವಾ ಅದರೊಡನೆ ಬೆರೆತ ರಾಸಾಯನಿಕ ಒಂದು ಲೆಕ್ಕಕ್ಕೆ ಸೇರುತ್ತದೆ. ಪ್ರಕ್ರಿಯೆಗೆ ಸೇರುವ ಮೊದಲು ತೊಟ್ಟಿಯಲ್ಲಿರುವ ಅದೇ ರಾಸಾಯನಿಕ ಇನ್ನೊಂದು ಲೆಕ್ಕಕ್ಕೆ. ಕಾನೂನಿಗೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಉಸಿರಾಡುವವನ ಶ್ವಾಸಕೋಶಕ್ಕೆ ಆ ಗೆರೆ ಕಾಣುವುದಿಲ್ಲ. ಸಿಕ್ವೋಯಾ ಕಾರ್ಖಾನೆಯಲ್ಲೇ 1992ರ ನವೆಂಬರಿನಲ್ಲಿ ಮತ್ತೊಂದು ವಿಷಾನಿಲ ಸೋರಿಕೆಯಾಯಿತು. ಈ ಸಲ ಸೋರಿದ್ದು ನೈಟ್ರೋಜನ್ ಡೈಆಕ್ಸೈಡ್. ಮರುವರ್ಷ ಅಲ್ಲಿ ಉತ್ಪಾದನೆಯೇ ನಿಂತಿತು.

ನಮ್ಮ ಕೈಗಾದ ವಿಷಯವೇನೆಂದು ನೀವು ಕೇಳುವಿರಿ. ಕೈಗಾದ ನಾಲ್ಕು ರಿಯಾಕ್ಟರುಗಳು ಉರಿಸುವುದು ನೈಸರ್ಗಿಕ ಯುರೇನಿಯಮ್ಮನ್ನು. ಅದನ್ನು ಸಮೃದ್ಧಗೊಳಿಸಬೇಕಾಗಿಲ್ಲವಾದ್ದರಿಂದ ಆ ಇಂಧನಕ್ಕೆ ಹೆಕ್ಸಾಫ್ಲೋರೈಡಿನ ಹಂತವೇ ಬೇಡ. ಆದರೆ ಹೈದರಾಬಾದಿನ ಅಣು ಇಂಧನ ಸಂಕೀರ್ಣದಲ್ಲಿ ಆ ಇಂಧನ ಸಿದ್ಧವಾಗುವಾಗ ನೈಟ್ರಿಕ್ ಆಮ್ಲ, ಸಾವಯವ ದ್ರಾವಕ, ಅಮೋನಿಯ ಎಲ್ಲವೂ ಬೇಕು. ಅಣು ಇಂಧನ ಕಾರ್ಖಾನೆಯೆಂದರೆ ಬಹುಪಾಲು ಒಂದು ರಾಸಾಯನಿಕ ಕಾರ್ಖಾನೆಯೇ. ನಮ್ಮಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, ಪರಮಾಣು ಶಕ್ತಿ ಇಲಾಖೆಯ ಘಟಕಗಳಲ್ಲಿ 1948ರ ಕಾರ್ಖಾನೆಗಳ ಕಾಯಿದೆಯನ್ನು ಜಾರಿಗೊಳಿಸುವ ಹೊಣೆಯನ್ನೂ ವಹಿಸಲಾಯಿತು. 1996ರಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದವು. ವಿಕಿರಣವನ್ನೂ ಆಮ್ಲವನ್ನೂ ಒಂದೇ ಮಂಡಳಿ ನೋಡುವ ಈ ಏರ್ಪಾಡು ನನಗೆ ವಿವೇಕದ್ದೆನಿಸುತ್ತದೆ. ಒಂದೇ ಕೈಗೆ ಎರಡು ಹೊಣೆ ಕೊಟ್ಟಾಗ ಒಂದು ಹಗುರವಾಗದಂತೆ ನೋಡಿಕೊಳ್ಳುವುದು ಮಾತ್ರ ನಿತ್ಯದ ಕೆಲಸ.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಎಷ್ಟೋ ಮಂದಿ ಪರಿಶೀಲನಾ ಪತ್ರಗಳಿಗೆ ಸಹಿ ಹಾಕುವ ಸ್ಥಾನದಲ್ಲಿದ್ದೀರಿ. ಔಷಧ, ಗೊಬ್ಬರ, ಬಣ್ಣ, ಬ್ಯಾಟರಿ, ಕಾರ್ಖಾನೆ ಯಾವುದಾದರೂ ಇರಲಿ, ಅದರ ಹೆಸರು ಸೂಚಿಸುವ ಅಪಾಯವನ್ನು ಎಲ್ಲರೂ ನೋಡಿಯೇ ನೋಡುತ್ತಾರೆ. ಆ ಹೆಸರಿನಲ್ಲಿಲ್ಲದ ಅಪಾಯ ಯಾವುದು, ಅದು ಯಾರ ಪಟ್ಟಿಯಲ್ಲಿದೆ ಎಂದು ಸಹಿಗೆ ಮುನ್ನ ಒಮ್ಮೆ ಕೇಳಿರಿ. ಯಾರ ಪಟ್ಟಿಯಲ್ಲೂ ಇಲ್ಲವೆಂದಾದರೆ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿರಿ. ತೂಕದ ವೇದಿಕೆಯ ಮೇಲೆ ನಾಲ್ಕು ಚಕ್ರಗಳೂ ಕೂತಿವೆಯೇ ಎಂದು ನೋಡಲು ಅಣುವಿಜ್ಞಾನ ಬೇಕಿಲ್ಲ. ಅದನ್ನು ನೋಡುವುದು ತನ್ನ ಕೆಲಸವೆಂದು ತಿಳಿದ ಒಬ್ಬ ಮನುಷ್ಯ ಬೇಕು. ಆ ಒಬ್ಬರು ನೀವಾಗಿರೆಂಬುದೇ ಈ ಮುದಿ ಮೇಷ್ಟ್ರ ಹಾರೈಕೆ.